ಒತ್ತಡದ ಒಗಟನ್ನು ಬಿಡಿಸಿದ ಡಾ. ಹಾನ್ಸ್ ಸೆಲ್ಯೆ

ಸ್ಟ್ರೆಸ್ ಎಂಬ ಇಂಗ್ಲಿಷ್ ಮಾತು ಇಂದು ಯಾರ ನಾಲಗೆಯ ಮೇಲಿಲ್ಲ? ಕಚೇರಿಯ ಗುಮಾಸ್ತನು ಆಡುತ್ತಾನೆ, ಗಲ್ಲಾದಲ್ಲಿ ಕುಳಿತ ಮಾಲಿಕನು ಆಡುತ್ತಾನೆ, ಡಾಕ್ಟರರು ಔಷಧದ ಚೀಟಿ ಬರೆಯುತ್ತ ಆಡುತ್ತಾರೆ. ಕನ್ನಡದಲ್ಲಿ ಇದನ್ನೇ ನಾವು ಒತ್ತಡ ಎನ್ನುತ್ತೇವೆ. ಸೇತುವೆಯ ಕಬ್ಬಿಣಕ್ಕೂ ಕಟ್ಟಡದ ತೊಲೆಗೂ ಸಲ್ಲುತ್ತಿದ್ದ ಎಂಜಿನಿಯರುಗಳ ಈ ಪದವನ್ನು ಮನುಷ್ಯನ ರಕ್ತಮಾಂಸಗಳಿಗೆ ಅನ್ವಯಿಸಿ, ಲೋಕದ ಮಾತಿನಲ್ಲಿ ನೆಲೆಗೊಳಿಸಿದ ಕೀರ್ತಿಯು ಮುಖ್ಯವಾಗಿ ಒಬ್ಬ ವೈದ್ಯವಿಜ್ಞಾನಿಗೆ ಸಲ್ಲಬೇಕು. ಆ ಮಹನೀಯರೇ ಡಾ. ಹಾನ್ಸ್ ಸೆಲ್ಯೆ.

ಒತ್ತಡವೆಂಬುದು ದೊಡ್ಡ ಅಧಿಕಾರಿಗಳಿಗೂ ಲಕ್ಷಾಧೀಶರಿಗೂ ಬರುವ ಬೇನೆ, ತಟ್ಟೆ ಎತ್ತುವವನಿಗೂ ಕಡತ ಹೊರುವವನಿಗೂ ಅದೆಲ್ಲಿಯದು ಎಂಬ ಭಾವನೆ ನಮ್ಮವರಲ್ಲಿ ಹಲವರಿಗೆ ಉಂಟು. ಸೆಲ್ಯೆ ಅವರ ಜೀವನವನ್ನೂ, ಅವರು ತೆರೆದ ದಾರಿಯಲ್ಲಿ ಮುಂದೆ ನಡೆದವರು ಕಂಡುದನ್ನೂ ಅರಿತರೆ ಈ ಭಾವನೆ ನಿಲ್ಲಲಾರದು. ಒಬ್ಬ ದುಡಿಮೆಗಾರನಿಗೆ ಮತ್ತೊಬ್ಬನು ಆಡುವ ಮಾತು, ತೋರುವ ಮುಖ, ಕೊಡುವ ಮರ್ಯಾದೆ ಇವೆಲ್ಲವೂ ಮೆದುಳಿನ ಮೂಲಕ ರಕ್ತಕ್ಕೆ ಇಳಿಯುತ್ತವೆಂಬುದು ಈ ಚರಿತ್ರೆಯಿಂದ ತಿಳಿಯಬರುತ್ತದೆ. ಆದುದರಿಂದಲೇ ಇದನ್ನು ನಮ್ಮ ವಾಚಕರ ಮುಂದೆ ಇಡುತ್ತಿದ್ದೇವೆ.

ಡ್ಯಾನ್ಯೂಬ್ ತೀರದ ಬಾಲ್ಯ

ಸೆಲ್ಯೆ ಅವರು 1907ನೆಯ ಇಸವಿ ಜನವರಿ 26ರಂದು ವಿಯೆನ್ನಾ ನಗರದಲ್ಲಿ ಜನಿಸಿದರು. ತಂದೆ ಹ್ಯೂಗೋ ಸೆಲ್ಯೆ ಹಂಗೇರಿಯವರು. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಸೈನ್ಯದಲ್ಲಿ ಶಸ್ತ್ರವೈದ್ಯರಾಗಿದ್ದರು. ತಾಯಿ ಮರಿಯಾ ಆಸ್ಟ್ರಿಯಾದವರು. ಹೀಗಾಗಿ ಬಾಲಕನ ಕಿವಿಗೆ ಮೊದಲಿನಿಂದಲೂ ಎರಡು ಭಾಷೆಗಳು ಬಿದ್ದವು. ಹಂಗೇರಿಯವರು ಅವರನ್ನು ಇಂದಿಗೂ ಯಾನೋಶ್ ಎಂಬ ತಮ್ಮ ಹೆಸರಿನಿಂದಲೇ ನೆನೆಯುತ್ತಾರೆ.

ಬಾಲ್ಯವು ಕಳೆದುದು ಡ್ಯಾನ್ಯೂಬ್ ನದಿಯ ದಂಡೆಯ ಕೊಮಾರೊಮ್ ಎಂಬ ಪಟ್ಟಣದಲ್ಲಿ. ಅಲ್ಲಿಯ ಬೆನೆಡಿಕ್ಟೈನ್ ಸನ್ಯಾಸಿಗಳ ಶಾಲೆಯಲ್ಲಿ ವಿದ್ಯಾಭ್ಯಾಸವಾಯಿತು. ಅವರು ಹನ್ನೊಂದು ವರ್ಷದವರಾಗಿದ್ದಾಗ ಮೊದಲನೆಯ ಮಹಾಯುದ್ಧವು ಮುಗಿದು ಸಾಮ್ರಾಜ್ಯವು ಒಡೆದುಹೋಯಿತು. ನದಿಯೇ ಗಡಿಯಾಗಿ ಊರು ಎರಡು ಭಾಗವಾಯಿತು. ಉತ್ತರದ ದಂಡೆಯು ಹೊಸದಾಗಿ ಹುಟ್ಟಿದ ಚೆಕೊಸ್ಲೊವಾಕಿಯಕ್ಕೆ ಸೇರಿತು, ದಕ್ಷಿಣದ ದಂಡೆಯು ಹಂಗೇರಿಯಲ್ಲಿ ಉಳಿಯಿತು. ಮನೆಯ ಹೊಸಿಲು ದಾಟದೆಯೇ ಜನರು ಬೇರೊಂದು ದೇಶದ ಪ್ರಜೆಗಳಾದರು. ಊರು ಬಿಟ್ಟು ಬಂದು ಪರಭಾಷೆಯ ನಡುವೆ ಬಾಳುವುದೇನೆಂಬುದನ್ನು ಬಲ್ಲ ನಮ್ಮ ವಾಚಕರಿಗೆ, ಊರಿನಲ್ಲಿದ್ದೇ ಪರದೇಶಿಗಳಾದ ಆ ಜನರ ಸ್ಥಿತಿಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ.

ಪ್ರಾಗ್ ನಗರದಲ್ಲಿ ಹುಟ್ಟಿದ ಪ್ರಶ್ನೆ

1924ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಸೆಲ್ಯೆ ಅವರು ಪ್ರಾಗ್ ನಗರದ ಜರ್ಮನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಓದತೊಡಗಿದರು. ಅಲ್ಲಿ ನಡೆದ ಒಂದು ಪಾಠವು ಅವರ ಬಾಳಿನ ದಿಕ್ಕನ್ನೇ ನಿಶ್ಚಯಿಸಿತು. ಅಧ್ಯಾಪಕರು ಬೇರೆ ಬೇರೆ ಸಾಂಕ್ರಾಮಿಕ ರೋಗಗಳು ಈಗತಾನೆ ತಲೆದೋರಿದ್ದ ಕೆಲವು ರೋಗಿಗಳನ್ನು ವಿದ್ಯಾರ್ಥಿಗಳ ಮುಂದೆ ತಂದು ನಿಲ್ಲಿಸಿ, ಒಂದೊಂದು ರೋಗಕ್ಕೂ ವಿಶಿಷ್ಟವಾದ ಗುರುತನ್ನು ಹುಡುಕಿ ತೋರಿಸುತ್ತಿದ್ದರು. ಉಳಿದ ವಿದ್ಯಾರ್ಥಿಗಳ ಕಣ್ಣು ಆ ವಿಶೇಷ ಗುರುತುಗಳ ಮೇಲಿದ್ದರೆ, ಈ ತರುಣನ ಕಣ್ಣು ಎಲ್ಲ ರೋಗಿಗಳಲ್ಲಿಯೂ ಸಮಾನವಾಗಿದ್ದ ಲಕ್ಷಣಗಳ ಮೇಲೆ ಬಿದ್ದಿತು. ಎಲ್ಲರ ಮುಖವೂ ಬಾಡಿದ್ದಿತು. ಎಲ್ಲರ ನಾಲಗೆಯ ಮೇಲೂ ಬೆಳ್ಳನೆಯ ಪೊರೆ. ಎಲ್ಲರಿಗೂ ಮೈಕೈ ನೋವು, ಅರುಚಿ, ಜ್ವರ, ನಿಶ್ಶಕ್ತಿ. ರೋಗಗಳು ಬೇರೆಯಾದರೂ ರೋಗಿಷ್ಠನಾಗಿರುವ ಸ್ಥಿತಿಯು ಒಂದೇ ಆಗಿರುವುದೇಕೆ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಹುಟ್ಟಿತು.

ಇದು ಹುಡುಗುತನದ ಪ್ರಶ್ನೆಯೆಂದು ತೋರಬಹುದು. ರೋಗಿಯು ರೋಗಿಯಂತೆ ಕಾಣುವುದರಲ್ಲಿ ಸೋಜಿಗವೇನು? ವೈದ್ಯರು ಅದನ್ನು ದಿನವೂ ಕಾಣುತ್ತಿದ್ದುದರಿಂದಲೇ ಅದರ ಕಡೆಗೆ ಗಮನ ಕೊಟ್ಟಿರಲಿಲ್ಲ. ಸೆಲ್ಯೆ ಅವರಿಗೂ ಆಗ ಅದನ್ನು ಬೆನ್ನಟ್ಟುವ ಅವಕಾಶವಿರಲಿಲ್ಲ. ಪರೀಕ್ಷೆಗಳು ಮುಗಿದು 1929ರಲ್ಲಿ ವೈದ್ಯ ಪದವಿಯೂ, 1931ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟೂ ದೊರೆತವು. ಆ ಬಳಿಕ ರಾಕ್‌ಫೆಲರ್ ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕೆಯ ಬಾಲ್ಟಿಮೋರಿನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ 1932ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾಲಯಕ್ಕೆ ತೆರಳಿ, ಇನ್ಸುಲಿನ್ನನ್ನು ಶುದ್ಧಗೊಳಿಸಿ ಮನುಷ್ಯರಿಗೆ ಬಳಸುವಂತೆ ಮಾಡಿದವರಲ್ಲಿ ಒಬ್ಬರಾದ ಪ್ರೊ. ಕಾಲಿಪ್ ಅವರ ಕೈಕೆಳಗೆ ಸೇರಿದರು. ಮುಂದೆ ಮಾಂಟ್ರಿಯಲ್ಲೇ ಅವರ ಊರಾಯಿತು.

ಕನಸು ಒಡೆದ ದಿನಗಳು

ಆ ಕಾಲವು ಹಾರ್ಮೋನುಗಳ ಬೇಟೆಯ ಕಾಲ. ನಮ್ಮ ದೇಹದಲ್ಲಿ ನಾಳವಿಲ್ಲದ ಕೆಲವು ಗ್ರಂಥಿಗಳಿವೆ. ಅವು ತಾವು ಸೃಷ್ಟಿಸಿದ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಆ ರಸಗಳು ದೂರದ ಅಂಗಗಳಿಗೆ ಅಪ್ಪಣೆಗಳನ್ನು ಒಯ್ಯುತ್ತವೆ. ಇವೇ ಹಾರ್ಮೋನುಗಳು. ಹೊಸದೊಂದು ಹಾರ್ಮೋನನ್ನು ಕಂಡುಹಿಡಿದವನ ಹೆಸರು ಶಾಶ್ವತವಾಗುವಂತಿತ್ತು. ಸೆಲ್ಯೆ ಅವರು ಅಂಡಾಶಯದಿಂದ ತೆಗೆದ ಸಾರವನ್ನು ಇಲಿಗಳಿಗೆ ಚುಚ್ಚಿ ನೋಡುತ್ತಿದ್ದರು. ಇಲಿಗಳನ್ನು ಕೊಯ್ದು ನೋಡಿದಾಗ ಮೂರು ಬದಲಾವಣೆಗಳು ಕಂಡುಬಂದವು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಊದಿಕೊಂಡಿದ್ದವು. ರೋಗನಿರೋಧಕ್ಕೆ ಸಂಬಂಧಿಸಿದ ಥೈಮಸ್ ಮೊದಲಾದ ಅಂಗಗಳು ಸೊರಗಿದ್ದವು. ಹೊಟ್ಟೆಯ ಒಳಪದರದಲ್ಲಿ ರಕ್ತ ಒಸರುವ ಹುಣ್ಣುಗಳು ಎದ್ದಿದ್ದವು.

ಇನ್ನೂ ಮೂವತ್ತು ತುಂಬದ ಸೆಲ್ಯೆ ಅವರ ಹರ್ಷಕ್ಕೆ ಪಾರವಿರಲಿಲ್ಲ. ಅದುವರೆಗೆ ತಿಳಿದಿದ್ದ ಯಾವ ಹಾರ್ಮೋನೂ ಇಂತಹ ಪರಿಣಾಮವನ್ನು ಉಂಟುಮಾಡುತ್ತಿರಲಿಲ್ಲ. ತಮಗೆ ಹೊಸದೊಂದು ದೊರೆಯಿತೆಂದೇ ಭಾವಿಸಿದರು. ಆದರೆ ಬೇರೆ ಅಂಗಗಳ ಸಾರವನ್ನು ಚುಚ್ಚಿದಾಗಲೂ ಅದೇ ಮೂರು ಬದಲಾವಣೆಗಳು ಉಂಟಾದವು. ಸಾರವು ಅಶುದ್ಧವಾಗಿದ್ದಷ್ಟೂ ಪರಿಣಾಮವು ಹೆಚ್ಚು! ಸಂಶಯವು ಬಲವಾಗಿ, ಹಾರ್ಮೋನಿನ ಗಂಧವೂ ಇಲ್ಲದ ಫಾರ್ಮಲಿನ್ ಎಂಬ ಕಟು ದ್ರವವನ್ನು ಚುಚ್ಚಿ ನೋಡಿದರು. ಆಗಲೂ ಅದೇ ಫಲ. ಹೊಸ ಹಾರ್ಮೋನಿನ ಕನಸು ಅಲ್ಲಿಗೆ ಒಡೆದುಹೋಯಿತು. ಹಲವು ದಿನಗಳ ಕಾಲ ಅವರು ಯಾವ ಕೆಲಸಕ್ಕೂ ಕೈಹಚ್ಚಲಾರದೆ ಖಿನ್ನರಾಗಿ ಕುಳಿತರು.

ಆ ನಿರಾಶೆಯ ನಡುವೆ ಪ್ರಾಗ್ ನಗರದ ಹಳೆಯ ಪ್ರಶ್ನೆಯು ಮತ್ತೆ ನೆನಪಿಗೆ ಬಂದಿತು. ಏನನ್ನು ಚುಚ್ಚಿದರೂ ದೇಹವು ಒಂದೇ ರೀತಿಯಲ್ಲಿ ಉತ್ತರ ಕೊಡುವುದಾದರೆ, ಆ ಉತ್ತರವೇ ಏಕೆ ಸಂಶೋಧನೆಯ ವಸ್ತುವಾಗಬಾರದು? ಇಲಿಗಳನ್ನು ಚಳಿಗೆ ಒಡ್ಡಿದರು, ಅತಿಯಾಗಿ ಓಡಿಸಿ ದಣಿಸಿದರು, ಗಾಯಗೊಳಿಸಿ ನೋಡಿದರು. ಪ್ರತಿಸಲವೂ ಅದೇ ಊದಿದ ಅಡ್ರಿನಲ್, ಸೊರಗಿದ ಥೈಮಸ್, ಹೊಟ್ಟೆಯ ಹುಣ್ಣು. ಅವರು ಗೌರವಿಸುತ್ತಿದ್ದ ಹಿರಿಯರೊಬ್ಬರು, ಕೊಳೆಯ ಗುಣಗಳನ್ನು ಅಳೆಯುವುದರಲ್ಲಿ ಆಯುಷ್ಯವನ್ನು ಹಾಳುಮಾಡಿಕೊಳ್ಳಬೇಡವೆಂಬ ಅರ್ಥದಲ್ಲಿ ಎಚ್ಚರಿಸಿದರು. ಸೆಲ್ಯೆ ಅವರು ಹಿಂಜರಿಯಲಿಲ್ಲ. ಇನ್ಸುಲಿನ್ ಖ್ಯಾತಿಯ ಸರ್ ಫ್ರೆಡರಿಕ್ ಬ್ಯಾಂಟಿಂಗ್ ಅವರು ಮಾತ್ರ ಈ ತರುಣನ ಬೆನ್ನು ತಟ್ಟಿ ಧನಸಹಾಯಕ್ಕೂ ನೆರವಾದರು. 1936ರ ಜುಲೈ 4ರ ನೇಚರ್ ಪತ್ರಿಕೆಯಲ್ಲಿ ಒಂದು ಪುಟವನ್ನೂ ತುಂಬದ ಅವರ ಪುಟ್ಟ ಲೇಖನವು ಪ್ರಕಟವಾಯಿತು. ಒಂದು ಹೊಸ ಶಾಸ್ತ್ರವು ಅಲ್ಲಿಂದ ಮೊದಲಾಯಿತು.

ಮೂರು ಘಟ್ಟಗಳು

ದೇಹವು ಒತ್ತಡವನ್ನು ಎದುರಿಸುವ ಕ್ರಮದಲ್ಲಿ ಸೆಲ್ಯೆ ಅವರು ಮೂರು ಘಟ್ಟಗಳನ್ನು ಗುರುತಿಸಿದರು. ಮೊದಲನೆಯದು ಎಚ್ಚರಿಕೆಯ ಘಟ್ಟ. ಎರಡನೆಯದು ತಾಳಿಕೆಯ ಘಟ್ಟ. ಮೂರನೆಯದು ಬಳಲಿಕೆಯ ಘಟ್ಟ.

ಹೋಟೆಲಿನ ಕೆಲಸವನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಸುಲಭ. ಹೊಸದಾಗಿ ಸೇರಿದ ಮಾಣಿಯು ಮಧ್ಯಾಹ್ನದ ಊಟದ ನೂಕುನುಗ್ಗಲನ್ನು ಮೊದಲ ದಿನ ಕಂಡಾಗ ಎದೆ ಡವಗುಟ್ಟುತ್ತದೆ, ಬೆವರು ಇಳಿಯುತ್ತದೆ, ಕೈಯಲ್ಲಿನ ಲೋಟ ನಡುಗುತ್ತದೆ. ಇದು ಎಚ್ಚರಿಕೆ. ಕೆಲವು ವಾರಗಳಲ್ಲಿ ಅವನು ಪಳಗುತ್ತಾನೆ. ಎರಡು ಕೈಗಳಲ್ಲಿ ಆರು ತಟ್ಟೆ ಹಿಡಿದು ನಗುತ್ತಲೇ ಓಡಾಡುತ್ತಾನೆ. ಇದು ತಾಳಿಕೆ. ಆದರೆ ನಿದ್ರೆಯಿಲ್ಲದೆ, ರಜೆಯಿಲ್ಲದೆ, ಬೈಗುಳದ ನಡುವೆ ಅದೇ ದುಡಿಮೆಯು ವರ್ಷಗಟ್ಟಲೆ ಸಾಗಿದರೆ ಒಂದು ದಿನ ಅವನು ಕುಸಿಯುತ್ತಾನೆ. ಇದು ಬಳಲಿಕೆ. ಎರಡನೆಯ ಘಟ್ಟದಲ್ಲಿರುವವನನ್ನು ಕಂಡು, ಇವನಿಗೆ ಏನೂ ಆಗುವುದಿಲ್ಲವೆಂದು ಮಾಲಿಕನೂ ತಿಳಿಯುತ್ತಾನೆ, ಅವನೂ ತಿಳಿಯುತ್ತಾನೆ. ತಾಳಿಕೆಗೂ ಬೆಲೆ ತೆರಬೇಕಾಗುತ್ತದೆಂಬುದನ್ನು ತೋರಿಸಿಕೊಟ್ಟುದೇ ಸೆಲ್ಯೆ ಅವರ ದೊಡ್ಡ ಕಾಣಿಕೆ.

ಮೆದುಳಿನಿಂದ ಹೊರಡುವ ಅಪ್ಪಣೆ

ಸೆಲ್ಯೆ ಅವರಿಗಿಂತ ಮೊದಲೇ, 1915ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ಅವರು ಅಡ್ರಿನಲ್ ಗ್ರಂಥಿಯ ತಿರುಳಿನಿಂದ ಹೊರಡುವ ಅಡ್ರಿನಲಿನ್ ರಸದ ಮಹಿಮೆಯನ್ನು ವಿವರಿಸಿದ್ದರು. ಭಯ ಅಥವಾ ಕೋಪ ಬಂದಾಗ ಕ್ಷಣಮಾತ್ರದಲ್ಲಿ ಹೃದಯದ ಬಡಿತ ಹೆಚ್ಚಿ, ಹೋರಾಡುವುದಕ್ಕೋ ಓಡುವುದಕ್ಕೋ ದೇಹವು ಅಣಿಯಾಗುವುದು ಇದರಿಂದಲೇ. ಸೆಲ್ಯೆ ಅವರ ದೃಷ್ಟಿಯು ಅದೇ ಗ್ರಂಥಿಯ ಹೊರಪದರದ ಕಡೆಗೆ ಹರಿಯಿತು. ಈ ಪದರದ ರಸಗಳು ನಿಧಾನವಾಗಿ ಏರಿ ಬಹಳ ಹೊತ್ತು ಕೆಲಸ ಮಾಡುತ್ತವೆ. ಮನುಷ್ಯರಲ್ಲಿ ಇವುಗಳ ಪೈಕಿ ಮುಖ್ಯವಾದುದು ಕಾರ್ಟಿಸಾಲ್. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯನ್ನು ತೆಗೆದುಹಾಕಿದ ಇಲಿಗಳಲ್ಲಿ ಅಡ್ರಿನಲ್ ಊದುವುದಿಲ್ಲವೆಂಬುದನ್ನು ಸೆಲ್ಯೆ ಅವರು ಕಂಡರು. ಅಂದಮೇಲೆ ಅಡ್ರಿನಲ್ಲಿಗೆ ಅಪ್ಪಣೆಯು ಪಿಟ್ಯುಟರಿಯಿಂದ ಬರುತ್ತಿರಬೇಕು. ಪಿಟ್ಯುಟರಿಗೆ ಅಪ್ಪಣೆ ಕೊಡುವವರಾರು? ಈ ಪ್ರಶ್ನೆಗೆ ಅವರ ಕಾಲದಲ್ಲಿ ಉತ್ತರ ಸುಲಭವಾಗಿ ದೊರೆಯಲಿಲ್ಲ.

ಆ ಉತ್ತರದ ಬೇಟೆಯಲ್ಲಿ ಮುಂದಾದವರಲ್ಲಿ ಒಬ್ಬರು ಸೆಲ್ಯೆ ಅವರ ಸಂಸ್ಥೆಯಲ್ಲಿಯೇ ತರಬೇತಿ ಪಡೆದ ಫ್ರೆಂಚ್ ತರುಣ ರೋಜರ್ ಗಿಯೆಮಿನ್. ಮೆದುಳೇ ಹಾರ್ಮೋನುಗಳನ್ನು ಸೃಷ್ಟಿಸುತ್ತದೆಂಬುದನ್ನು ಸಿದ್ಧಪಡಿಸಿದುದಕ್ಕಾಗಿ ಅವರಿಗೂ ಆ್ಯಂಡ್ರ್ಯೂ ಶಾಲಿ ಅವರಿಗೂ 1977ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಒತ್ತಡದ ವೇಳೆಯಲ್ಲಿ ಮೆದುಳಿನ ಹೈಪೊಥಲಮಸ್ ಎಂಬ ಭಾಗವು ಪಿಟ್ಯುಟರಿಗೆ ಕಳುಹಿಸುವ ರಸವನ್ನು 1981ರಲ್ಲಿ ವೈಲಿ ವೇಲ್ ಮತ್ತು ಸಂಗಡಿಗರು ಗುರುತಿಸಿದರು. ಅಲ್ಲಿಗೆ ಸರಪಣಿಯು ಪೂರ್ಣವಾಯಿತು.

ಈ ಸರಪಣಿಯನ್ನು ಹೀಗೆ ಭಾವಿಸಬಹುದು. ಹೈಪೊಥಲಮಸ್ ಮಾಲಿಕ, ಪಿಟ್ಯುಟರಿ ಮೇನೇಜರ್, ಅಡ್ರಿನಲ್ ಅಡಿಗೆಭಟ್ಟ. ಗಿರಾಕಿಗಳು ಹೆಚ್ಚಿದುದನ್ನು ಕಂಡ ಮಾಲಿಕನು ಮೇನೇಜರನಿಗೆ ಸೂಚಿಸುತ್ತಾನೆ, ಮೇನೇಜರನು ಭಟ್ಟನಿಗೆ ಕೂಗುತ್ತಾನೆ, ಭಟ್ಟನು ಒಲೆಯ ಉರಿ ಏರಿಸುತ್ತಾನೆ. ಕಾರ್ಟಿಸಾಲ್ ರಕ್ತಕ್ಕೆ ಇಳಿದು ಸಕ್ಕರೆಯನ್ನು ಹೆಚ್ಚಿಸಿ ಸ್ನಾಯುಗಳಿಗೂ ಮೆದುಳಿಗೂ ಬಲ ಕೊಡುತ್ತದೆ. ಸದ್ಯಕ್ಕೆ ಬೇಡವಾದ ಕೆಲಸಗಳನ್ನು ತಡೆಹಿಡಿಯುತ್ತದೆ. ಸಾಕಷ್ಟಾದಾಗ ಅದೇ ಕಾರ್ಟಿಸಾಲ್ ಮೆದುಳಿಗೆ ಮರಳಿ ಸುದ್ದಿ ಮುಟ್ಟಿಸಿ ಉರಿಯನ್ನು ತಗ್ಗಿಸುತ್ತದೆ. ಒಳ್ಳೆಯ ಹೋಟೆಲಿನಲ್ಲಿ ಹೇಗೋ ಆರೋಗ್ಯವಂತ ದೇಹದಲ್ಲಿಯೂ ಹಾಗೆ. ಆದರೆ ಹಗಲಿರುಳೂ ಒಲೆ ಉರಿಯುತ್ತಲೇ ಇದ್ದರೆ ಪಾತ್ರೆ ಸೀಯುತ್ತದೆ. ರಕ್ತದ ಒತ್ತಡ ಏರುತ್ತದೆ, ಸೊಂಟದ ಸುತ್ತ ಕೊಬ್ಬು ಸೇರುತ್ತದೆ, ನಿದ್ರೆ ಕೆಡುತ್ತದೆ, ನೆನಪು ಮಂಕಾಗುತ್ತದೆ, ರೋಗನಿರೋಧದ ಶಕ್ತಿ ಕುಗ್ಗುತ್ತದೆ.

ಮಾಂಟ್ರಿಯಲಿನ ಸಂಸ್ಥೆ

1945ರಲ್ಲಿ ಸೆಲ್ಯೆ ಅವರು ಇಂಗ್ಲಿಷಿನ ಮೆಗಿಲ್ಲನ್ನು ಬಿಟ್ಟು, ಅದೇ ನಗರದ ಫ್ರೆಂಚ್ ಭಾಷೆಯ ಮಾಂಟ್ರಿಯಲ್ ವಿಶ್ವವಿದ್ಯಾಲಯಕ್ಕೆ ಸೇರಿ, ಅಲ್ಲಿ ಪ್ರಯೋಗಾತ್ಮಕ ವೈದ್ಯ ಮತ್ತು ಶಸ್ತ್ರವೈದ್ಯ ಸಂಸ್ಥೆಯನ್ನು ಕಟ್ಟಿದರು. 1976ರವರೆಗೂ ಅದರ ನಿರ್ದೇಶಕರಾಗಿದ್ದರು. ಅವರ ದುಡಿಮೆಯು ಅಸಾಧಾರಣವಾದುದು. ಸುಮಾರು 1,700 ಪ್ರಬಂಧಗಳೂ 39 ಗ್ರಂಥಗಳೂ ಅವರ ಲೇಖನಿಯಿಂದ ಹೊರಬಂದವು. ಹಂಗೇರಿಯನ್, ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೊದಲ್ಗೊಂಡು ಹಲವು ಭಾಷೆಗಳಲ್ಲಿ ಅವರು ಸರಾಗವಾಗಿ ವ್ಯವಹರಿಸುತ್ತಿದ್ದರು. ಆದರೂ ಇಂಗ್ಲಿಷಿನಲ್ಲಿ ತಾವು ಆರಿಸಿಕೊಂಡ ಪದವು ಸರಿಯಾದುದಲ್ಲವೆಂದು ಮುಂದೆ ಅವರೇ ಒಪ್ಪಿಕೊಂಡರು. ಎಂಜಿನಿಯರುಗಳ ಮಾತಿನಲ್ಲಿ ಹೊರಗಿನಿಂದ ಬೀಳುವ ಭಾರಕ್ಕೆ ಸ್ಟ್ರೆಸ್ ಎಂದೂ, ಅದರಿಂದ ವಸ್ತುವಿನಲ್ಲಾಗುವ ಬದಲಾವಣೆಗೆ ಸ್ಟ್ರೇನ್ ಎಂದೂ ಹೆಸರು. ಇವರು ಹೇಳುತ್ತಿದ್ದುದು ಎರಡನೆಯದನ್ನು. ಅಷ್ಟರಲ್ಲಿ ಮೊದಲನೆಯ ಪದವು ಲೋಕದ ಹಲವು ಭಾಷೆಗಳಿಗೆ ಹರಡಿಹೋಗಿತ್ತು.

1956ರಲ್ಲಿ ಅವರು ಸಾಮಾನ್ಯ ವಾಚಕರಿಗಾಗಿ ಬರೆದ ದಿ ಸ್ಟ್ರೆಸ್ ಆಫ್ ಲೈಫ್ ಎಂಬ ಗ್ರಂಥವು ಅವರನ್ನು ಮನೆಮಾತಾಗಿಸಿತು. ಅದೇ ವರ್ಷ ಹಂಗೇರಿಯಲ್ಲಿ ಜನರು ದಂಗೆಯೆದ್ದಾಗ ಗುಂಡೇಟಿಗೆ ಅವರ ತಾಯಿ ಬಲಿಯಾದರು. ಲೋಕಕ್ಕೆಲ್ಲ ಒತ್ತಡದ ಗುಟ್ಟನ್ನು ತಿಳಿಸುತ್ತಿದ್ದ ಮಗನಿಗೆ ಸಾಗರದಾಚೆಯಿಂದ ಬಂದ ಆ ಸುದ್ದಿಯು ಎಂತಹ ಪೆಟ್ಟಾಗಿದ್ದಿರಬೇಕೆಂಬುದನ್ನು, ಊರಿನಿಂದ ತಂತಿ ಬಂದಾಗ ತಲಪಲಾರದೆ ಹೋದ ನಮ್ಮವರು ಬಲ್ಲರು. ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಅನೇಕ ಸಲ ಸೂಚಿತವಾದರೂ ಅದು ಅವರಿಗೆ ದೊರೆಯಲಿಲ್ಲ. 1968ರಲ್ಲಿ ಕೆನಡಾ ಸರಕಾರವು ತನ್ನ ಅತ್ಯುನ್ನತ ಪದವಿಯಿಂದ ಅವರನ್ನು ಗೌರವಿಸಿತು.

ಹಸಿದ ಮಂಗಗಳ ಸಾಕ್ಷಿ

ಯಾವ ಪೆಟ್ಟು ಬಿದ್ದರೂ ದೇಹದ ಉತ್ತರವು ಒಂದೇ ಎಂಬ ಸೆಲ್ಯೆ ಅವರ ಸಿದ್ಧಾಂತವನ್ನು ಎಲ್ಲರೂ ಪೂರ್ತಿಯಾಗಿ ಒಪ್ಪಲಿಲ್ಲ. ಅಮೆರಿಕೆಯ ಸೈನ್ಯದ ಸಂಶೋಧನ ಸಂಸ್ಥೆಯಲ್ಲಿದ್ದ ಜಾನ್ ಮೇಸನ್ ಅವರು ಮಂಗಗಳ ಮೇಲೆ ನಡೆಸಿದ ಪ್ರಯೋಗವು ಈ ಬಾಬಿನಲ್ಲಿ ಪ್ರಸಿದ್ಧವಾದುದು. ಕೆಲವು ಮಂಗಗಳನ್ನು ಉಪವಾಸ ಕೆಡಹಿದರು. ಅದೇ ಕೋಣೆಯ ಉಳಿದ ಮಂಗಗಳಿಗೆ ಆಹಾರ ಬಡಿಸುತ್ತ, ಇವುಗಳನ್ನು ಮಾತ್ರ ದಾಟಿಹೋಗುತ್ತಿದ್ದರು. ಇವುಗಳ ಅಡ್ರಿನಲ್ ರಸವು ಏರಿತು. ಇನ್ನೊಮ್ಮೆ ಉಪವಾಸದ ಮಂಗಗಳನ್ನು ಪ್ರತ್ಯೇಕವಾಗಿರಿಸಿ, ಹಣ್ಣಿನ ರುಚಿಯುಳ್ಳ ಆದರೆ ಪೋಷಣೆಯಿಲ್ಲದ ಉಂಡೆಗಳನ್ನು ಕೊಟ್ಟರು. ಹೊಟ್ಟೆಗೆ ಅನ್ನವಿಲ್ಲದಿದ್ದರೂ ರಸವು ಏರಲಿಲ್ಲ. ಒಲೆಯನ್ನು ಹೊತ್ತಿಸಿದುದು ಹಸಿವೆಯೊಂದೇ ಆಗಿರಲಿಲ್ಲ. ತನ್ನನ್ನು ಬಿಟ್ಟು ಇತರರಿಗೆ ಬಡಿಸಿದರೆಂಬ ಅರಿವು ಅದಕ್ಕೆ ಕಾರಣವಾಗಿತ್ತು. ಪಂಕ್ತಿಭೇದವು ಎಷ್ಟು ನೋಯಿಸುವುದೆಂಬುದನ್ನು ನಮ್ಮ ನಾಡಿನವರಿಗೆ ಯಾವ ಮಂಗವೂ ಕಲಿಸಬೇಕಾಗಿಲ್ಲ. ಆ ನೋವಿಗೆ ರಕ್ತದಲ್ಲಿಯೂ ಗುರುತು ಉಂಟೆಂಬುದು ಮಾತ್ರ ಹೊಸ ಸಂಗತಿ.

ಇದೇ ದಿಕ್ಕಿನಲ್ಲಿ ಲಂಡನ್ ನಗರದ ಸರಕಾರಿ ಕಚೇರಿಗಳಲ್ಲಿ ನಡೆದ ಅಧ್ಯಯನವು ಗುಮಾಸ್ತರಾದ ನಮ್ಮ ವಾಚಕರು ತಿಳಿಯತಕ್ಕದ್ದು. 1967ರಲ್ಲಿ ಆರಂಭವಾದ ಈ ಅಧ್ಯಯನದಲ್ಲಿ ಸುಮಾರು 18,000 ಮಂದಿ ಪುರುಷ ನೌಕರರ ಆರೋಗ್ಯವನ್ನು ಪರಿಶೀಲಿಸಲಾಯಿತು. ಹೃದ್ರೋಗದಿಂದ ಸಾಯುವವರು ಮೇಲಿನ ಅಧಿಕಾರಿಗಳಲ್ಲಿ ಹೆಚ್ಚೆಂದು ಜನರ ಎಣಿಕೆಯಿದ್ದಿತು. ಕಂಡುದು ಅದಕ್ಕೆ ತೀರ ವಿರುದ್ಧ. ಕೆಳಗಿನ ದರ್ಜೆಯ ಜವಾನರಲ್ಲಿ ಅಂತಹ ಸಾವು ಮೇಲಿನವರಿಗಿಂತ ಮೂರು ಪಟ್ಟಿಗೂ ಹೆಚ್ಚಾಗಿತ್ತು. ನಡುವಿನ ಗುಮಾಸ್ತರು ನಡುವೆಯೇ ಇದ್ದರು. ಸಿಗರೇಟು, ರಕ್ತದ ಒತ್ತಡ ಮೊದಲಾದವನ್ನು ಲೆಕ್ಕಕ್ಕೆ ತಂದರೂ ಅಂತರವು ಪೂರ್ತಿ ತೀರಲಿಲ್ಲ. ಕೆಲಸವು ಬೆಟ್ಟದಷ್ಟಿದ್ದು ಅದರ ಮೇಲೆ ತನ್ನ ಹಿಡಿತವು ಸಾಸಿವೆಯಷ್ಟೂ ಇಲ್ಲದಿರುವ ಸ್ಥಿತಿಯೇ ಅತಿ ಕೇಡಿನದೆಂದು ಮುಂದಿನ ಸಂಶೋಧಕರು ತೋರಿಸಿದರು.

ಹೊಗೆಯ ಕಲೆ

ದೊಡ್ಡವರ ಚರಿತ್ರೆಯಲ್ಲಿ ಬೆಳಕನ್ನು ಮಾತ್ರ ತೋರಿಸಿ ನೆರಳನ್ನು ಮುಚ್ಚುವುದು ವಾಚಕರಿಗೆ ಬಗೆಯುವ ದ್ರೋಹವೆಂದು ನಾವು ಭಾವಿಸುತ್ತೇವೆ. ಸೆಲ್ಯೆ ಅವರ ಜೀವನದಲ್ಲಿ ಅಂತಹ ನೆರಳೊಂದಿದೆ. ಅವರು ಸಿಗರೇಟು ಕಂಪನಿಗಳಿಂದ ತಮ್ಮ ಸಂಶೋಧನೆಗೆ ದೊಡ್ಡ ಮೊತ್ತದ ಹಣವನ್ನು ಪಡೆದರು. 1969ರಲ್ಲಿ ಕೆನಡಾದ ಪಾರ್ಲಿಮೆಂಟಿನ ಸಮಿತಿಯ ಮುಂದೆ, ಹೊಗೆ ಸೇದುವುದು ಒತ್ತಡವನ್ನು ಶಮನಗೊಳಿಸುವ ಸಾಧನವಾಗಬಲ್ಲುದೆಂಬ ಅರ್ಥದ ಸಾಕ್ಷ್ಯವನ್ನು ನುಡಿದರು. ಕಂಪನಿಗಳೊಡನೆ ತಮಗಿದ್ದ ಹಣದ ಸಂಬಂಧವನ್ನು ಜನರಿಗೆ ತಿಳಿಸಲಿಲ್ಲ. ಅವರು ತೀರಿಕೊಂಡು ವರ್ಷಗಳಾದ ಮೇಲೆ, ನ್ಯಾಯಾಲಯಗಳ ವ್ಯವಹಾರದಲ್ಲಿ ಕಂಪನಿಗಳ ಕಡತಗಳು ಹೊರಬಿದ್ದುವು. ಅವುಗಳನ್ನು ಓದಿದ ಸಂಶೋಧಕರು 2011ರಲ್ಲಿ ಈ ಸಂಗತಿಯನ್ನು ವಿವರವಾಗಿ ಪ್ರಕಟಿಸಿದರು.

ಇದು ಸಣ್ಣ ಮಾತಲ್ಲ. ದಣಿದವನು ಅಡಿಗೆಮನೆಯ ಹಿಂಬಾಗಿಲಲ್ಲಿ ನಿಂತು ಬೀಡಿ ಹಚ್ಚುವಾಗ, ಇದು ತಲೆಯ ಭಾರ ಇಳಿಸುತ್ತದೆಂದೇ ನಂಬಿರುತ್ತಾನೆ. ವಾಸ್ತವದಲ್ಲಿ, ಹಿಂದಿನ ಬೀಡಿಯ ನಿಕೋಟಿನ್ ಇಳಿದುಹೋದುದರಿಂದ ಹುಟ್ಟಿದ ಚಡಪಡಿಕೆಯನ್ನೇ ಮುಂದಿನ ಬೀಡಿಯು ಅರೆಗಳಿಗೆ ತಣಿಸುತ್ತದೆ. ಅದೇ ವೇಳೆಗೆ ಹೃದಯದ ಬಡಿತವೂ ರಕ್ತದ ಒತ್ತಡವೂ ಏರುತ್ತವೆ. ಸೆಲ್ಯೆ ಅವರ ಇಲಿಗಳು ಕಲಿಸಿದುದನ್ನು ನಾವು ಗೌರವದಿಂದ ಸ್ವೀಕರಿಸೋಣ. ಕಂಪನಿಗಳ ಹಣದ ನೆರಳಿನಲ್ಲಿ ಬಂದ ಉಪದೇಶವನ್ನು ಬಿಟ್ಟುಬಿಡೋಣ.

ಇನ್ನೊಂದು ತಿದ್ದುಪಡಿಯೂ ಅವಶ್ಯ. ಹೊಟ್ಟೆಯ ಹುಣ್ಣಿಗೆ ಚಿಂತೆಯೇ ಕಾರಣವೆಂಬ ನಂಬಿಕೆಯು ಸೆಲ್ಯೆ ಅವರ ಕಾಲದಲ್ಲಿ ಬಲವಾಗಿತ್ತು. ಹೆಚ್ಚಿನ ಹುಣ್ಣುಗಳಿಗೆ ಒಂದು ಬಗೆಯ ಬ್ಯಾಕ್ಟೀರಿಯವು ಮುಖ್ಯ ಕಾರಣವೆಂದೂ, ನೋವಿನ ಮಾತ್ರೆಗಳ ಅತಿಬಳಕೆಯು ಮತ್ತೊಂದು ಕಾರಣವೆಂದೂ ಈಗ ತಿಳಿದಿದೆ. ಆ ಬ್ಯಾಕ್ಟೀರಿಯವನ್ನು ಕಂಡುಹಿಡಿದ ಆಸ್ಟ್ರೇಲಿಯದ ವಾರನ್ ಮತ್ತು ಮಾರ್ಷಲ್ ಅವರಿಗೆ 2005ರಲ್ಲಿ ನೊಬೆಲ್ ದೊರೆಯಿತು. ಹೊಟ್ಟೆ ಉರಿಯುವವರು ಚಿಂತೆಯನ್ನು ಹಳಿಯುತ್ತ ಕೂಡದೆ ಡಾಕ್ಟರರನ್ನು ಕಾಣತಕ್ಕದ್ದು.

ನೆರೆಯವನ ಪ್ರೀತಿ

1974ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸೆಲ್ಯೆ ಅವರು ಬಾಳಿನ ನೀತಿಯನ್ನು ಕುರಿತು ಬರೆದರು. ಒತ್ತಡವೆಲ್ಲವೂ ಕೆಟ್ಟದಲ್ಲ, ಮನಸ್ಸು ಒಪ್ಪಿದ ಕೆಲಸದ ಒತ್ತಡವು ಬಾಳಿಗೆ ಉಪ್ಪಿನಂತೆ ರುಚಿ ಕೊಡುತ್ತದೆ, ಒಲ್ಲದ ಒತ್ತಡವು ಕೊರೆಯುತ್ತದೆ ಎಂಬುದು ಅವರ ಅಭಿಪ್ರಾಯ. ಹಣವನ್ನು ಕೂಡಿಡುವಂತೆ ನೆರೆಯವರ ಸದ್ಭಾವವನ್ನು ಕೂಡಿಡಬೇಕು, ಇತರರಿಗೆ ಬೇಕಾದವನಾಗಿ ಬಾಳುವುದೇ ತನ್ನ ರಕ್ಷಣೆಗೂ ದಾರಿ ಎಂದು ಅವರು ಪ್ರತಿಪಾದಿಸಿದರು. ಇದು ಪ್ರಯೋಗಾಲಯದ ಮಾತಲ್ಲ, ಮುದುಕನ ಧರ್ಮೋಪದೇಶವೆಂದು ಆಗ ಕೆಲವರಿಗೆ ತೋರಿರಬಹುದು.

ಆದರೆ ಮುಂದಿನ ಸಂಶೋಧನೆಯು ಈ ಮಾತಿಗೆ ಒಂದಿಷ್ಟು ಆಧಾರ ಒದಗಿಸಿತು. ಒತ್ತಡದ ಅಪ್ಪಣೆ ಹೊರಡುವ ಅದೇ ಹೈಪೊಥಲಮಸ್ಸಿನಲ್ಲಿ ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ಹುಟ್ಟುತ್ತದೆ. ಹೆರಿಗೆಯಲ್ಲಿ ಗರ್ಭಕೋಶವನ್ನು ಹಿಂಡುವುದೂ, ಮಗು ಮೊಲೆಗೆ ಬಾಯಿಟ್ಟಾಗ ಹಾಲಿಳಿಸುವುದೂ ಇದರ ಕೆಲಸ. 1953ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ದೊರೆಯಿತು. ತಾಯಿ-ಮಗುವಿನ ಮತ್ತು ಸಂಗಾತಿಗಳ ಬಾಂಧವ್ಯದಲ್ಲಿಯೂ ಇದಕ್ಕೆ ಪಾತ್ರವುಂಟೆಂಬುದು ಆಮೇಲೆ ಪ್ರಾಣಿಗಳಲ್ಲಿ ಕಂಡುಬಂದಿತು. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 37 ಮಂದಿ ಗಂಡಸರನ್ನು ಅಪರಿಚಿತರ ಮುಂದೆ ಭಾಷಣ ಮಾಡುವಂತೆಯೂ ಬಾಯಿಲೆಕ್ಕ ಮಾಡುವಂತೆಯೂ ಏರ್ಪಡಿಸಿದರು. ಆಪ್ತಮಿತ್ರನೊಬ್ಬನು ಮೊದಲೇ ಬಂದು ಧೈರ್ಯ ಹೇಳಿದ್ದವರಲ್ಲಿ ಕಾರ್ಟಿಸಾಲ್ ಕಡಿಮೆ ಏರಿತು. ಮಿತ್ರನ ಬೆಂಬಲದೊಡನೆ ಆಕ್ಸಿಟೋಸಿನ್ನನ್ನೂ ಮೂಗಿಗೆ ಸಿಂಪಡಿಸಿಕೊಂಡವರಲ್ಲಿ ಎಲ್ಲರಿಗಿಂತ ಕಡಿಮೆ. ಇದನ್ನು ಪ್ರೇಮದ ಮಂತ್ರೌಷಧವೆಂದು ಮಾರುವವರನ್ನು ಮಾತ್ರ ನಂಬಲಾಗದು. ತನ್ನವರ ಮೇಲಿನ ಪಕ್ಷಪಾತವನ್ನು ಇದು ಹೆಚ್ಚಿಸಬಹುದೆಂದೂ ಕೆಲವು ಪ್ರಯೋಗಗಳಲ್ಲಿ ಕಂಡಿದೆ. ಹಲವು ಪ್ರಯೋಗಗಳ ಫಲವು ಮರಳಿ ಮಾಡಿದಾಗ ನಿಲ್ಲಲಿಲ್ಲ. ಆದರೆ ಜತೆಗಾರನ ಆಸರೆಯು ಒತ್ತಡದ ಉರಿಯನ್ನು ತಗ್ಗಿಸುತ್ತದೆಂಬ ಮಾತಿಗೆ ಆಧಾರಗಳು ಬಲವಾಗಿವೆ.

ಕೊನೆಯ ದಿನಗಳು

ಡಾ. ಸೆಲ್ಯೆ ಅವರು 1982ರ ಅಕ್ಟೋಬರ್ 16ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ, ಮಾಂಟ್ರಿಯಲಿನಲ್ಲಿ ತೀರಿಕೊಂಡರು. ಅವರು ಬಾಲ್ಯವನ್ನು ಕಳೆದ ಊರಿನ ಉತ್ತರದ ದಂಡೆಯು ಇಂದು ಸ್ಲೊವಾಕಿಯದಲ್ಲಿದೆ. ಅಲ್ಲಿಯ ಹಂಗೇರಿಯನ್ ಭಾಷಿಕರಿಗಾಗಿ 2004ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಹೊರನಾಡಿನಲ್ಲಿ ತಮ್ಮ ನುಡಿಯನ್ನು ಉಳಿಸಿಕೊಳ್ಳುತ್ತಿರುವ ಜನರು ಹೊರನಾಡಿನಲ್ಲಿ ಬೆಳಗಿದ ತಮ್ಮವನೊಬ್ಬನನ್ನು ಹೀಗೆ ನೆನೆದರು.

ನಾವು ಹೋಟೆಲು ನಡೆಸಿದ ವರ್ಷಗಳಲ್ಲಿ ಕಂಡುಕೊಂಡ ಒಂದು ಸಂಗತಿಯನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ಕೆಲಸಗಾರರಿಗೆಲ್ಲ ಒಂದೇ ಅಡಿಗೆ, ಸರಿಯಾದ ಹೊತ್ತಿಗೆ ನಿದ್ರೆ, ವಾರಕ್ಕೊಂದು ಬಿಡುವು, ಹೆಸರು ಹಿಡಿದು ಕರೆಯುವ ಮೇನೇಜರ್ ಇವಿಷ್ಟು ಇದ್ದಲ್ಲಿ ಕೆಲಸವು ಎಷ್ಟೇ ಇದ್ದರೂ ಜನ ನಿಲ್ಲುತ್ತಾರೆ. ಇವಿಲ್ಲದಲ್ಲಿ ಸಂಬಳ ಹೆಚ್ಚಿಸಿದರೂ ನಿಲ್ಲುವುದಿಲ್ಲ. ಇದಕ್ಕೆ ಕಾರಣವೇನೆಂದು ಆಗ ನಮಗೆ ಹೇಳಲು ಬರುತ್ತಿರಲಿಲ್ಲ. ಮಾಂಟ್ರಿಯಲಿನ ಇಲಿಗಳೂ ಮೇಸನ್ ಅವರ ಮಂಗಗಳೂ ಲಂಡನ್ನಿನ ಜವಾನರೂ ಅದನ್ನು ಹೇಳಿದ್ದಾರೆ. ಮಾಲಿಕರು ಇದನ್ನು ಗಲ್ಲಾದ ಲೆಕ್ಕದಷ್ಟೇ ಗಮನದಿಂದ ಓದಲಿ. ಕೆಲಸಗಾರರು ತಮ್ಮ ಪಕ್ಕದಲ್ಲಿ ಹೊಸದಾಗಿ ಬಂದು ನಿಂತಿರುವ ಹುಡುಗನ ನಡುಗುವ ಕೈಯನ್ನು ಕಂಡಾಗ ನಗದೆ, ಅವನ ತಟ್ಟೆಯ ಒಂದಂಚನ್ನು ಹಿಡಿಯಲಿ.